ಯುದ್ಧಕ್ಕೆ ಕೊಟ್ಟ ಹಜಾರ

ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರ ಮನೆಯ ಕೆಳಹಜಾರವನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಾಗ ಆ ಆದೇಶವನ್ನು ಟೈಪ್ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವವರಿಗೆ ನಾನು ಕೌಂಟರಿನ ಯಾವ ಕಡೆ ಕೂತಿದ್ದೆ ಎಂಬುದು ಗೊತ್ತಿರಬೇಕು.

ನಮ್ಮ ಮನೆ ಬಿನ್ನಿಪೇಟೆಯ ಒಂದು ವಠಾರದಲ್ಲಿತ್ತು. ಅಪ್ಪ ಮಿಲ್ಲಿನಲ್ಲಿ ನೇಯ್ಗೆಯ ಕೆಲಸ ಮಾಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಗೋಡೆಯ ಮೇಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟ ಹಾಕಿದರು. ಅವ್ವ ಒಂದು ವಾರ ಅವರ ಜೊತೆ ಮಾತು ಬಿಟ್ಟಳು. ಅಪ್ಪನಿಗೆ ಯಾರ ಬಾಯಿಮಾತಿನ ಮೇಲೂ ನಂಬಿಕೆಯಿರಲಿಲ್ಲ. ಸರ್ಕಾರದ ಕಾಗದವೆಂದರೆ ಅಷ್ಟಕ್ಕಷ್ಟೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬಂದ ದಿನವೆಲ್ಲ ಒಂದೇ ಮಾತು:

"ಜರ್ಮನಿ ಯುದ್ಧಕ್ಕೆ ಅಂತ ತಂದ್ರು ಈ ಕಾರ್ಡ್‌ನ. ಜರ್ಮನಿ ಸೋತು ಇಪ್ಪತ್ತೈದು ವರ್ಷ ಆಯ್ತು. ನಾನಿನ್ನೂ ಕ್ಯೂನಲ್ಲೇ ನಿಂತಿದೀನಿ."

"ಆ ಕಾರ್ಡ್ ಇಲ್ದಿದ್ರೆ ನೀನು ಉಣ್ತಿದ್ದಾದ್ರೂ ಏನನ್ನ?" ಎಂದು ಅವ್ವ ಒಲೆಯ ಮುಂದಿನಿಂದ ಕೇಳುತ್ತಿದ್ದಳು. ಅಪ್ಪ ಕಾರ್ಡನ್ನು ಜೋಪಾನವಾಗಿ ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಆದರೆ ಅನುಮಾನ ಹೋಗುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಪ್ಪನೇ ನನ್ನನ್ನು ಚಾಮರಾಜಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಎರಡಂತಸ್ತಿನ ಹಳೆಯ ಮನೆ. ಕೆಳಗೆ ಉದ್ದನೆಯ ಹಜಾರ, ಕೆಂಪು ಗಾರೆ ನೆಲ, ಸಾಲಾಗಿ ಮೂವತ್ತು ಮೆಷಿನ್ನು. ಮಹಡಿಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ. ಮಕ್ಕಳಿರಲಿಲ್ಲ. ಚಿಕ್ಕಪೇಟೆಯಲ್ಲಿ ತಲೆತಲಾಂತರದಿಂದ ಜವಳಿ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆತನ ಅವರದು. ಅಣ್ಣಂದಿರೆಲ್ಲ ಗದ್ದುಗೆಯ ಮೇಲೆ ಕೂತು ಸೀರೆ ಹರವುತ್ತಿದ್ದರೆ, ಇವರಿಗೆ ಗಿರಾಕಿಯ ಜೊತೆ ನಾಲ್ಕು ಸಿಹಿ ಮಾತಾಡಲು ಬರುತ್ತಿರಲಿಲ್ಲವಂತೆ. ಪಾಲಿಗೆ ಬಂದ ಮನೆಯಲ್ಲಿ ಇನ್‌ಸ್ಟಿಟ್ಯೂಟ್ ಹಾಕಿಕೊಂಡರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮರದ ರೂಲರು. ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡುವವರ ಬೆರಳಿನ ಮೇಲೆ ಕರ್ಚೀಫು ಹೊದಿಸಿಬಿಡುತ್ತಿದ್ದರು.

ಮೊದಲ ದಿನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಿಂದ ಬರ್ತೀಯಮ್ಮಾ?"

"ಬಿನ್ನಿಪೇಟೆ ಸರ್" ಎಂದೆ. ವಠಾರದ ಗುರುತನ್ನೂ ಹೇಳಿದೆ. ಅಷ್ಟರಲ್ಲಿ ತಿಳಿಯಬೇಕಾದದ್ದೆಲ್ಲ ಅವರಿಗೆ ತಿಳಿದಿರಲೇಬೇಕು. ಅಪ್ಪ ಅವರ ಮುಖವನ್ನೇ ನೋಡುತ್ತ ನಿಂತಿದ್ದರು.

"ಬೆಳಗ್ಗೆ ಏಳಕ್ಕೆ ಬರೋಕಾಗುತ್ತಾ? ಆಗ ಒಳ್ಳೆ ಮೆಷಿನ್ ಖಾಲಿ ಇರುತ್ತೆ" ಎಂದರು ಮೇಷ್ಟ್ರು.

ಎರಡು ವರ್ಷ ಬೆಳಗ್ಗೆ ಏಳಕ್ಕೆ ಹೋದೆ. ಸೀನಿಯರ್ ಗ್ರೇಡ್ ಪಾಸಾಯಿತು. ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಸರ್ಕಾರಕ್ಕೆ ಬೇಕಾದ ಜಾಗ, ಕಟ್ಟಡಗಳ ಕಡತಗಳು ನಮ್ಮ ಸೆಕ್ಷನ್ನಿನಲ್ಲಿದ್ದವು. ಆರ್ಡರು ಕೈಗೆ ಬಂದ ದಿನ ಮೇಷ್ಟ್ರಿಗೆ ತೋರಿಸಲು ಹೋದೆ. ಅವರು ಅದರಲ್ಲಿದ್ದ ಎರಡು ಟೈಪಿಂಗ್ ತಪ್ಪುಗಳನ್ನು ತೋರಿಸಿ, "ಇಂಥವ್ರ ಜಾಗಕ್ಕೆ ನೀನು ಹೋಗ್ತಿದೀಯ, ಒಳ್ಳೇದೇ ಆಯ್ತು" ಎಂದು ನಕ್ಕರು. ಅವರ ಹೆಂಡತಿ ಮಹಡಿಯಿಂದ ಇಳಿದು ಬಂದು ಕೈಗೆ ಸಕ್ಕರೆ ಹಾಕಿದರು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಬೆಂಗಳೂರಿಗೆ ಬಾಂಬು ಬೀಳುತ್ತದೆಂದು ಯಾರಿಗೂ ನಿಜವಾಗಿ ಅನ್ನಿಸಿರಲಿಲ್ಲ. ಆದರೂ ಜನ ಕಿಟಕಿ ಗಾಜಿಗೆ ಕಂದು ಕಾಗದ ಅಂಟಿಸಿದರು, ಸ್ಕೂಟರಿನ ದೀಪಕ್ಕೆ ಅರ್ಧ ಕಪ್ಪು ಬಳಿದರು. ನಮ್ಮ ಕಚೇರಿಯಲ್ಲಿ ಮಾತ್ರ ಕೆಲಸ ದಿಢೀರನೆ ಏರಿತು. ನಾಗರಿಕ ರಕ್ಷಣೆಯವರಿಗೆ ಬಡಾವಣೆಗೊಂದು ಜಾಗ ಬೇಕಿತ್ತು. ಹೆಡ್ ಕ್ಲರ್ಕ್ ಡ್ರಾಫ್ಟುಗಳ ಕಟ್ಟನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಆಗ ಎಲ್ಲವೂ ಇಂಗ್ಲಿಷಿನಲ್ಲೇ. ಭಾರತ ರಕ್ಷಣಾ ನಿಯಮಗಳ ಪ್ರಕಾರ ಈ ಕೆಳಗೆ ಕಾಣಿಸಿದ ಕಟ್ಟಡವನ್ನು ವಶಕ್ಕೆ ತೆಗೆದುಕೊಳ್ಳಲಾಗಿದೆ ಎಂದು ಮೇಲೆ, ಕಟ್ಟಡದ ವಿವರ ಕೆಳಗೆ. ಐದನೆಯದೋ ಆರನೆಯದೋ ಡ್ರಾಫ್ಟು ಮುಗಿಸುವಾಗ ವಿವರ ನೋಡಿದೆ. ಚಾಮರಾಜಪೇಟೆ. ಮೇಷ್ಟ್ರ ಮನೆಯ ನಂಬರು.

ಆ ಡ್ರಾಫ್ಟಿನಲ್ಲಿ ಮೊದಲು ಮೂರು ತಿಂಗಳ ಅವಧಿಗೆ ಎಂದು ಬರೆದಿತ್ತು. ಯಾರೋ ಮೇಲಿನವರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ಮುಂದಿನ ಆದೇಶದವರೆಗೆ ಎಂದು ಮಾಡಿದ್ದರು. ಹೆಡ್ ಕ್ಲರ್ಕನ್ನು ಕೇಳಿದೆ. "ಸರ್, ಇಲ್ಲಿ ಅವಧಿ ತೆಗೆದುಬಿಟ್ಟಿದಾರೆ."

"ಯುದ್ಧ ಎಷ್ಟ್ ದಿನ ನಡಿಯುತ್ತೆ ಅಂತ ನಿಮಗ್ ಗೊತ್ತೇನ್ರೀ? ಟೈಪ್ ಮಾಡಿ."

ಅವರ ಮಾತಿನಲ್ಲೂ ನ್ಯಾಯವಿತ್ತು. ನಾಲ್ಕು ಕಾರ್ಬನ್ ಇಟ್ಟು ಟೈಪ್ ಮಾಡಿದೆ. ಒಂದು ತಪ್ಪೂ ಇರಲಿಲ್ಲ.

ಆ ಭಾನುವಾರ ಮುಖ ತೋರಿಸಲು ಅಳುಕುತ್ತಲೇ ಚಾಮರಾಜಪೇಟೆಗೆ ಹೋದೆ. ಅಲ್ಲಿ ನೋಡಿದರೆ ಹಬ್ಬದ ಸಂಭ್ರಮ. ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳೆಲ್ಲ ಸೇರಿ ಮೆಷಿನ್ನುಗಳನ್ನು ಮಹಡಿಗೆ ಹೊರುತ್ತಿದ್ದರು. ಮೇಷ್ಟ್ರು ಪಂಚೆ ಎತ್ತಿಕಟ್ಟಿ ನಿಂತಿದ್ದರು. ಆದೇಶ ಟೈಪ್ ಮಾಡಿದ್ದು ನಾನು ಎಂದು ತಡವರಿಸುತ್ತ ಹೇಳಿದೆ.

"ನೋಡ್ದೆ. ಮಾರ್ಜಿನ್ ನೋಡಿದ್ ತಕ್ಷಣ ನಿಂದೇ ಅಂತ ಗೊತ್ತಾಯ್ತು" ಎಂದರು. "ಹುಡುಗ್ರು ಗಡೀಲಿ ಜೀವ ಕೊಡ್ತಿದಾರೆ. ನಾನೊಂದು ಹಾಲ್ ಕೊಡೋಕಾಗಲ್ವೇನಮ್ಮ? ಒಂದ್ ಎರಡ್ ತಿಂಗಳು, ಅಷ್ಟೇ ತಾನೆ."

ಮಹಡಿಯ ನೆಲ ಹಳೆಯ ತೊಲೆಗಳ ಮೇಲೆ ನಿಂತಿದ್ದು. ಮೂವತ್ತು ಮೆಷಿನ್ನಿನ ಭಾರ ತಡೆಯುವಂತಿರಲಿಲ್ಲ. ಹನ್ನೆರಡನ್ನು ಮೇಲಿಟ್ಟರು. ಉಳಿದವನ್ನು ಗೋಣಿಚೀಲ ಸುತ್ತಿ ಹಿತ್ತಲಿನ ಕೋಣೆಯಲ್ಲಿ ಪೇರಿಸಿದರು. ಕೆಳಗೆ ಮರಳಿನ ಚೀಲ, ಕೆಂಪು ಬಕೆಟ್ಟು, ಕೈಯಿಂದ ತಿರುಗಿಸುವ ಒಂದು ಸೈರನ್ನು ಬಂದವು. ಬಡಾವಣೆಯ ಗಂಡಸರು ಸಂಜೆ ಐದಕ್ಕೆ ಬಂದು ಪರಸ್ಪರ ಕೈಕಾಲಿಗೆ ಬ್ಯಾಂಡೇಜು ಕಟ್ಟಿ ಕಲಿತರು.

ಯುದ್ಧ ಎರಡು ವಾರದಲ್ಲಿ ಮುಗಿಯಿತು. ಗೆದ್ದೆವು. ಮೇಷ್ಟ್ರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮರುವಾರವೇ ಸುಣ್ಣ ಬಳಿಯುವವನಿಗೆ ಹೇಳಿಟ್ಟರಂತೆ, ಹಜಾರ ವಾಪಸು ಬಂದ ಕೂಡಲೇ ಒಂದು ಕೈ ಹೊಡೆಸಿಬಿಡೋಣ ಎಂದು.

ಫೆಬ್ರವರಿಯಲ್ಲಿ ಅವರು ಮೊದಲ ಸಲ ನಮ್ಮ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಟೈಪ್ ಮಾಡಿದ ಅರ್ಜಿ. ನನ್ನನ್ನು ನೋಡಿ ತಲೆಯಾಡಿಸಿ, ನೇರ ಹೆಡ್ ಕ್ಲರ್ಕಿನ ಮೇಜಿಗೆ ಹೋದರು.

"ಯುದ್ಧ ಮುಗೀತಲ್ಲ ಸ್ವಾಮಿ. ನಮ್ಮ ಹಾಲ್ ಬಿಟ್ಕೊಡೋದು ಯಾವಾಗ?"

ಹೆಡ್ ಕ್ಲರ್ಕ್ ಕೆಟ್ಟವರಲ್ಲ. ಎಲೆ ಅಡಿಕೆ ಡಬ್ಬಿ ಮುಚ್ಚಿ, ಕುರ್ಚಿ ತೋರಿಸಿ ಹೇಳಿದರು: "ಕೂತ್ಕೊಳಿ. ಯುದ್ಧ ಮುಗಿದಿರೋದು ಪೇಪರ್‌ನೋರಿಗೆ. ನಮಗೆ ಗೆಜೆಟ್‌ನಲ್ಲಿ ಬರ್ಬೇಕು. ತುರ್ತು ಪರಿಸ್ಥಿತಿ ಘೋಷಣೆ ಆಗಿದೆಯಲ್ಲ, ಅದನ್ನ ವಾಪಸ್ ತಗೊಂಡಿಲ್ಲ."

"ಯಾವ ತುರ್ತು ಪರಿಸ್ಥಿತಿ?"

"ಯುದ್ಧದ ದಿನ ಮಾಡಿದ್ದು."

ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು. ನನಗೂ ಗೊತ್ತಿರಲಿಲ್ಲ. ಆಮೇಲೆ ಯೋಚಿಸಿದರೆ, ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜನ ಕಂದು ಕಾಗದ ಕಿತ್ತು ಒಲೆಗೆ ಹಾಕಿಯಾಗಿತ್ತು, ಬಸವನಗುಡಿಯ ಹೋಟೆಲುಗಳಲ್ಲಿ ದೋಸೆಗೆ ಕಾಯುತ್ತಿದ್ದರು, ಮದುವೆ ಮಾಡುತ್ತಿದ್ದರು, ಸಿನಿಮಾಕ್ಕೆ ಹೋಗುತ್ತಿದ್ದರು. ಅವರೆಲ್ಲರ ತಲೆಯ ಮೇಲೆ ಒಂದು ತುರ್ತು ಪರಿಸ್ಥಿತಿ ಸುಮ್ಮನೆ ಕೂತಿತ್ತು. ಕೂಗಾಡಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಅದಕ್ಕೇ ಯಾರೂ ಅದನ್ನು ಎದ್ದು ಹೋಗು ಎನ್ನಲಿಲ್ಲ.

ಆ ಸಂಜೆ ಅಪ್ಪನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಒಳ್ಳೆ ಮನುಷ್ಯ ನಿಮ್ ಮೇಷ್ಟ್ರು. ಆದ್ರೆ ಅವ್ರಿಗೆ ಸರ್ಕಾರದ ಹತ್ರ ಏನಾದ್ರೂ ಕಳ್ಕೊಂಡು ಅಭ್ಯಾಸ ಇಲ್ಲ ನೋಡು" ಎಂದರು.

ಆಮೇಲೆ ಮೂರು ವರ್ಷ ಮೇಷ್ಟ್ರು ಎರಡು ತಿಂಗಳಿಗೊಂದು ಅರ್ಜಿ ತಂದರು. ಅವರು ಬಂದಾಗಲೆಲ್ಲ ಹೆಡ್ ಕ್ಲರ್ಕ್ ಕೂರಿಸಿ ಮಾತಾಡಿಸುತ್ತಿದ್ದರು. ನಾನು ಉತ್ತರ ಟೈಪ್ ಮಾಡುತ್ತಿದ್ದೆ. ತಮ್ಮ ಮನವಿ ಪರಿಶೀಲನೆಯಲ್ಲಿದೆ. ಬಾಡಿಗೆಯೆಂದು ಏನೋ ಗೊತ್ತುಮಾಡಿದ್ದರು. ಮೇಷ್ಟ್ರು ಅದರ ಮಾತೇ ಎತ್ತುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹಜಾರ. ಅತ್ತ ಹಜಾರದಲ್ಲಿ ಸೈರನ್ನು ತುಕ್ಕು ಹಿಡಿದು ಮಾಯವಾಯಿತು. ಬ್ಯಾಂಡೇಜು ಕಟ್ಟುವವರು ಬರುವುದು ನಿಂತಿತು. ಬಕೆಟ್ಟಿನ ಮರಳಿನಲ್ಲಿ ಬೀಡಿ ತುಂಡುಗಳು. ಒಂದು ದಿನ ಬಾಗಿಲ ಮೇಲಿನ ನಾಮಫಲಕ ಬದಲಾಗಿ, ಆಹಾರ ಪರ್ಮಿಟ್ಟಿನ ಶಾಖೆಯೊಂದು ಬಂದು ಕೂತಿತು. ಅದಕ್ಕೂ ಯುದ್ಧಕ್ಕೂ ಏನು ಸಂಬಂಧ ಎಂದು ಮೇಷ್ಟ್ರು ಕೇಳಿದರು. ಅಗತ್ಯ ವಸ್ತುಗಳ ಸರಬರಾಜು ಎಂದು ನಾವು ಉತ್ತರ ಕೊಟ್ಟೆವು. ನಾವು ಎನ್ನುತ್ತೇನೆ, ಸಹಿ ನನ್ನದಲ್ಲ, ಟೈಪಿಂಗ್ ನನ್ನದು.

ಹನ್ನೆರಡು ಮೆಷಿನ್ನಿನಲ್ಲಿ ಎಷ್ಟು ಜನ ಕಲಿಯಬಹುದು? ಬೆಳಗ್ಗೆ ಏಳರ ಬ್ಯಾಚನ್ನೇ ನಿಲ್ಲಿಸಿದರು. ನಮ್ಮ ವಠಾರದ ಇಬ್ಬರು ಹುಡುಗಿಯರನ್ನು ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರ ಹೆಂಡತಿ, "ಜಾಗ ಇಲ್ಲಮ್ಮ, ತಪ್ಪು ತಿಳ್ಕೋಬೇಡ" ಎಂದು ಕಳಿಸಿದರು. ಆ ಇಬ್ಬರೂ ಮುಂದೆ ಅಗರಬತ್ತಿ ಹೊಸೆಯಲು ಹೋದರು.

ಎಪ್ಪತ್ತೈದರ ಜೂನಿನಲ್ಲಿ ಎರಡನೆಯ ತುರ್ತು ಪರಿಸ್ಥಿತಿ ಬಂತು. ಅದು ಎಲ್ಲರಿಗೂ ಗೊತ್ತಾದದ್ದು. ಹೆಡ್ ಕ್ಲರ್ಕ್ ರೇಡಿಯೋ ಸುದ್ದಿ ಕೇಳಿ ಬಂದವರು, "ಒಂದು ಆಗ್ಲೇ ಇತ್ತಲ್ರೀ, ಇನ್ನೊಂದ್ ಯಾಕೆ?" ಎಂದು ನಕ್ಕರು. ಎರಡು ದಿನದ ಮೇಲೆ ಯಾರೂ ನಗುತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿರುತ್ತಿದ್ದೆವು. ಮಾತು ಕಡಿಮೆಯಾಯಿತು.

ಆಗಲೇ ಮೇಷ್ಟ್ರು ಒಂದು ತಪ್ಪು ಮಾಡಿದರು. ತಪ್ಪು ಎಂದರೆ ಆ ಕಾಲಕ್ಕೆ ತಪ್ಪು. ಒಂದು ಪತ್ರಿಕೆಯ ವಾಚಕರ ಕಾಲಮ್ಮಿಗೆ ಪತ್ರ ಬರೆದರು. ಎಪ್ಪತ್ತೊಂದರ ಯುದ್ಧಕ್ಕೆಂದು ತೆಗೆದುಕೊಂಡ ಅಧಿಕಾರಗಳನ್ನು ಸರ್ಕಾರ ಇನ್ನೂ ಏಕೆ ಇಟ್ಟುಕೊಂಡಿದೆ ಎಂಬುದಷ್ಟೇ ಪ್ರಶ್ನೆ. ಪತ್ರ ಅಚ್ಚಾಗಲಿಲ್ಲ. ಆದರೆ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ಮಫ್ತಿಯಲ್ಲಿ ಇಬ್ಬರು ಪೊಲೀಸರು ಬಂದು, ಹನ್ನೆರಡು ಮೆಷಿನ್ನಿನಲ್ಲೂ ಒಂದೊಂದು ಹಾಳೆ ಅಕ್ಷರ ಹೊಡೆಸಿಕೊಂಡು ಹೋದರು. ಹಿತ್ತಲಿನ ಗೋಣಿಚೀಲ ಬಿಚ್ಚಿಸಿ ಉಳಿದ ಹದಿನೆಂಟರಲ್ಲೂ ಹೊಡೆಸಿದರು. ಊರಿನಲ್ಲಿ ಗುಟ್ಟಾಗಿ ಕರಪತ್ರಗಳು ಓಡಾಡುತ್ತಿದ್ದ ಕಾಲ. ಒಂದೊಂದು ಮೆಷಿನ್ನಿನ ಅಕ್ಷರಕ್ಕೂ ಅದರದೇ ಓರೆಕೋರೆ ಇರುತ್ತದೆ. ಯಾವ ಕರಪತ್ರ ಯಾವ ಮೆಷಿನ್ನಿನದು ಎಂದು ಹಿಡಿಯಬಹುದು. ಇನ್ನು ಮೇಲೆ ತಿಂಗಳಿಗೊಮ್ಮೆ ಎಲ್ಲ ಮೆಷಿನ್ನಿನ ನಮೂನೆಯನ್ನೂ ಸ್ಟೇಷನ್ನಿಗೆ ಕೊಡಬೇಕು ಎಂದು ಹೇಳಿ ಹೋದರು. ಬರಹದಲ್ಲಿ ಏನೂ ಕೊಡಲಿಲ್ಲ.

ಇದಾಗಿ ಕೆಲವು ದಿನಕ್ಕೆ ಹೆಡ್ ಕ್ಲರ್ಕ್ ನನ್ನನ್ನು ಮೇಜಿನ ಹತ್ತಿರ ಕರೆದರು. ಪಕ್ಕದಲ್ಲಿ ನನಗೆ ಪರಿಚಯವಿಲ್ಲದ ಒಬ್ಬ ಅಧಿಕಾರಿ ಕೂತಿದ್ದರು.

"ಚಾಮರಾಜಪೇಟೆ ಟೈಪಿಂಗ್ ಮೇಷ್ಟ್ರು ಇದಾರಲ್ಲ, ಅರ್ಜಿ ತರ್ತಾರಲ್ಲ, ಅವ್ರು ನಿಮಗೆ ಪರಿಚಯವೇನ್ರೀ?"

ಆ ವರ್ಷ ಅಪ್ಪನ ಕಣ್ಣು ಮಂಜಾಗಿ ಮಿಲ್ಲಿನ ಕೆಲಸ ಬಿಟ್ಟಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಇದನ್ನು ನೆಪವೆಂದು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ತಲೆಗೆ ಬಂದದ್ದು ಅದೊಂದೇ.

"ಇಲ್ಲ ಸರ್. ಆಫೀಸಿಗೆ ಬಂದಾಗ ನೋಡಿದೀನಿ, ಅಷ್ಟೇ" ಎಂದೆ.

ತಿರುಗಿದರೆ ಮೇಷ್ಟ್ರು ಕೌಂಟರಿನ ಅರ್ಧಬಾಗಿಲಿನ ಆಚೆ ನಿಂತಿದ್ದರು. ಕೈಯಲ್ಲಿ ಹೊಸ ಅರ್ಜಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಹೆಡ್ ಕ್ಲರ್ಕೂ ಅವರನ್ನು ನೋಡಿ ಮುಖ ತಗ್ಗಿಸಿದರು. ಮೇಷ್ಟ್ರು ಒಳಗೆ ಬರಲಿಲ್ಲ. ಅಲ್ಲಿಂದಲೇ ನನ್ನ ಕಡೆ ಕೈ ಚಾಚಿ, "ಮೇಡಂ, ಇದನ್ನ ಸ್ವಲ್ಪ ಇನ್‌ವರ್ಡ್ ಮಾಡ್ಕೊಳ್ತೀರಾ?" ಎಂದರು.

ಅಲ್ಲಿಯವರೆಗೆ ಅವರು ನನ್ನನ್ನು ನೀನು ಎಂದೇ ಕರೆದವರು. ಅವತ್ತು ನನ್ನನ್ನು ಉಳಿಸಲು ಹಾಗೆ ಕರೆದರೋ, ದೂರ ಇಡಲು ಕರೆದರೋ ತಿಳಿಯಲಿಲ್ಲ. ಅರ್ಜಿಯ ಮೇಲೆ ಸೀಲನ್ನು ಎರಡು ಸಲ ಹೊಡೆದುಬಿಟ್ಟೆ. ಆಮೇಲಿನ ಒಂದೂವರೆ ವರ್ಷ ಅವರು ಬಂದಾಗಲೆಲ್ಲ ಮೇಡಂ ಎಂದೇ ಕರೆದರು. ನಾನು ಚಾಮರಾಜಪೇಟೆಯ ದಾರಿಯನ್ನೇ ಬಿಟ್ಟೆ. ಮಾರ್ಕೆಟ್ಟಿಗೆ ಹೋಗಬೇಕಾದರೂ ಬಳೇಪೇಟೆಯ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಎಪ್ಪತ್ತೇಳರ ಮಾರ್ಚಿನಲ್ಲಿ ಚುನಾವಣೆ ಮುಗಿದು, ಎರಡೂ ತುರ್ತು ಪರಿಸ್ಥಿತಿಗಳು ಒಂದರ ಹಿಂದೆ ಒಂದು ಹೋದವು. ಕೊಟ್ಟರಲ್ಲ ಅಂತೂ ವಾಪಸು, ಎಂದು ನನಗೂ ಅನ್ನಿಸಿತು. ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಕೂತವರು, "ಕೊಟ್ಟಿದ್ದಲ್ಲವ್ವಾ, ಸೋತಿದ್ದು" ಎಂದರು.

ಮೇಷ್ಟ್ರು ಪತ್ರಿಕೆಯ ತುಣುಕನ್ನು ಅರ್ಜಿಗೆ ಪಿನ್ನು ಮಾಡಿ ತಂದರು. ಈ ಸಲ ಹೆಡ್ ಕ್ಲರ್ಕ್ ಕೂಡ ಉತ್ಸಾಹದಲ್ಲಿದ್ದರು. ಕಡತ ಮೇಲೆ ಹೋಗಿ ತಿಂಗಳುಗಟ್ಟಲೆ ಕೂತು, ಡ್ರಾಫ್ಟಾಗಿ ನನ್ನ ಮೇಜಿಗೆ ಬಂತು. ಓದಿ ಎರಡನೆಯ ಸಲ ಓದಿದೆ. ಯುದ್ಧಕಾಲದ ನಿಯಮಗಳು ಇನ್ನಿಲ್ಲವಾದರೂ, ಅವುಗಳ ಪ್ರಕಾರ ಪಡೆದ ಕಟ್ಟಡಗಳನ್ನು ಮಾಮೂಲು ಕಾಲದ ಇನ್ನೊಂದು ಕಾನೂನಿನ ಪ್ರಕಾರ ಪಡೆದವೆಂದೇ ಭಾವಿಸತಕ್ಕದ್ದು. ಆದ್ದರಿಂದ ತಮ್ಮ ಕೋರಿಕೆಯನ್ನು ಈಗ ಪರಿಗಣಿಸಲಾಗದು.

"ಸರ್, ಇದೇನಿದು?" ಎಂದು ಹೆಡ್ ಕ್ಲರ್ಕನ್ನು ಕೇಳಿದೆ.

"ಬೋರ್ಡ್ ಬದಲಾಗಿದೆ ಕಣ್ರೀ, ಅಂಗಡಿ ಅದೇ" ಎಂದರು. ಅವತ್ತು ಅವರು ನಗಲಿಲ್ಲ. ಎದ್ದು ಊಟಕ್ಕೆ ಹೋದರು. ಹೋಗುವಾಗ ಕಡತವನ್ನು ಕಟ್ಟಿ ಬೀರುವಿನಲ್ಲಿಡದೆ ನನ್ನ ಮೇಜಿನ ಮೇಲೆಯೇ ಬಿಟ್ಟರು. ಬೇಕೆಂದೇ ಬಿಟ್ಟರೋ ಮರೆತರೋ, ನಾನು ಕೇಳಲಿಲ್ಲ.

ಟೈಪಿಸ್ಟುಗಳು ಕಡತ ಓದುವುದಿಲ್ಲ. ಕೊಟ್ಟ ಹಾಳೆ ಹೊಡೆದು ಕೊಡುತ್ತೇವೆ. ಆ ಮಧ್ಯಾಹ್ನ ನಾನು ಮೊದಲ ಹಾಳೆಯಿಂದ ಓದಿದೆ. ಎಪ್ಪತ್ತೆರಡರ ಆರಂಭದಲ್ಲೇ, ಮೇಷ್ಟ್ರು ಮೊದಲ ಅರ್ಜಿ ತರುವ ಮುಂಚೆಯೇ, ನಾಗರಿಕ ರಕ್ಷಣೆಯವರಿಂದ ಒಂದು ಪತ್ರ ಬಂದಿತ್ತು. ಚಾಮರಾಜಪೇಟೆಯ ಸದರಿ ಕಟ್ಟಡ ನಮಗೆ ಇನ್ನು ಬೇಕಿಲ್ಲ, ಮಾಲೀಕರಿಗೆ ಮರಳಿಸಬಹುದು. ಅದರ ಅಂಚಿನಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಸದ್ಯಕ್ಕೆ ಇರಲಿ, ಬೇರೆಯವರಿಗೆ ಬೇಕಾಗಬಹುದು.

ಅಷ್ಟೇ. ಯಾರೂ ಸಂಚು ಮಾಡಿರಲಿಲ್ಲ. ಯಾರಿಗೂ ಮೇಷ್ಟ್ರ ಮೇಲೆ ದ್ವೇಷವಿರಲಿಲ್ಲ. ಸದ್ಯಕ್ಕೆ ಇರಲಿ ಎಂಬ ಮಾತಿನ ಮೇಲೆ ಐದು ವರ್ಷ ಕಳೆದಿತ್ತು. ಆ ಐದು ವರ್ಷವೂ ನಾನು, ಪರಿಶೀಲನೆಯಲ್ಲಿದೆ, ಎಂದು ಟೈಪ್ ಮಾಡಿದ್ದೆ.

ಕಚೇರಿಯ ಪತ್ರವನ್ನು ಹೊರಗೆ ಒಯ್ಯುವಂತಿಲ್ಲ. ನಾನು ಒಯ್ಯಲಿಲ್ಲ. ಪತ್ರದ ನಂಬರು ಮತ್ತು ತಾರೀಖನ್ನು ಮನಸ್ಸಿನಲ್ಲಿಟ್ಟುಕೊಂಡೆ. ಸಂಜೆ ಕಚೇರಿ ಬಿಟ್ಟವಳು ಬಸ್ಸು ಹತ್ತದೆ ಚಾಮರಾಜಪೇಟೆಗೆ ನಡೆದೆ.

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದು, ಒಂದು ಕ್ಷಣ ನೋಡಿ, "ಬಾ" ಎಂದರು. ಮಹಡಿಯಲ್ಲಿ ಮೇಷ್ಟ್ರು ಒಂದು ಮೆಷಿನ್ನಿನ ರಿಬ್ಬನ್ನು ಬದಲಿಸುತ್ತ ಕೂತಿದ್ದರು. ಬೆರಳೆಲ್ಲ ಶಾಯಿ.

"ಸರ್, ಅವತ್ತು ನೀವು ಗೊತ್ತಿಲ್ಲ ಅಂತ ಹೇಳ್ಬಿಟ್ಟೆ."

"ಕೇಳಿಸ್ತು." ರಿಬ್ಬನ್ನನ್ನು ಸುತ್ತಿ ಮುಗಿಸಿಯೇ ತಲೆಯೆತ್ತಿದರು. "ಬೇಜಾರಾಯ್ತು. ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆಮೇಲೆ ಯೋಚ್ನೆ ಮಾಡ್ದೆ. ಈ ಹಾಲ್‌ನ ನನ್ನಿಂದ ಯಾರೂ ಕಿತ್ಕೊಂಡಿಲ್ಲ. ನಾನೇ ಖುಷಿಯಿಂದ ಎತ್ತಿಕೊಟ್ಟೆ, ಸ್ವೀಟ್ ಬೇರೆ ಹಂಚಿದೆ. ಎಷ್ಟು ದಿನಕ್ಕೆ ಅಂತ ಒಂದು ಮಾತು ಕೇಳ್ಲಿಲ್ಲ. ಇಷ್ಟು ವಯಸ್ಸಾದ ನಾನೇ ಕೇಳ್ಲಿಲ್ಲ. ನೀನ್ ಹೆದ್ರಿದ್ದು ದೊಡ್ಡದಲ್ಲ ಬಿಡು."

ನೀನು ಎಂದರು. ನನಗೆ ಅಳು ಬಂತು. ಅವರ ಹೆಂಡತಿ ನೀರು ತಂದುಕೊಟ್ಟರು. ಕುಡಿದ ಮೇಲೆ ಆ ಪತ್ರದ ನಂಬರು, ತಾರೀಖು ಹೇಳಿದೆ. ಮೇಷ್ಟ್ರು ಹಾಳೆ ಏರಿಸಿ ಅಲ್ಲೇ ಟೈಪ್ ಮಾಡಿಕೊಂಡರು. ಪತ್ರದಲ್ಲೇನಿದೆ ಎಂದು ಕೇಳಿದಾಗ ಹೇಳಿದೆ. ಅವರು ಹಾಳೆಯನ್ನು ಮೆಷಿನ್ನಿನಿಂದ ಬಿಡಿಸಿ ತಾರೀಖನ್ನು ಇನ್ನೊಮ್ಮೆ ಓದಿದರು.

"ನಾನು ಕೇಳೋಕೆ ಮುಂಚೆನೇ ಬೇಡ ಅಂದಿದ್ರಾ?" ಎಂದರು.

ಅವರು ಕೋರ್ಟಿಗೆ ಹೋದರು. ಅವರ ವಕೀಲರು ಆ ನಂಬರಿನ ಪತ್ರವನ್ನೇ ಹಾಜರುಪಡಿಸಿ ಎಂದು ಕೇಳಿದಾಗ ನಮ್ಮ ಕಚೇರಿಯಲ್ಲಿ ಗದ್ದಲವೆದ್ದಿತು. ನಂಬರು ಹೊರಗೆ ಹೋದದ್ದು ಹೇಗೆ? ಒಬ್ಬೊಬ್ಬರನ್ನೇ ಕರೆದು ಕೇಳಿದರು. ನನ್ನ ಸರದಿ ಬಂದಾಗ, "ಆ ಮೇಷ್ಟ್ರು ನನಗೆ ಟೈಪಿಂಗ್ ಕಲಿಸಿದೋರು ಸರ್" ಎಂದೆ. ನಂಬರು ಕೊಟ್ಟೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೆಡ್ ಕ್ಲರ್ಕನ್ನು ಕೇಳಿದಾಗ, ಕಡತ ಸದಾ ಬೀರುವಿನಲ್ಲೇ ಇರುತ್ತಿತ್ತು ಎಂದರಂತೆ. ಸಾಬೀತಾಗಲಿಲ್ಲ. ನನ್ನನ್ನು ಮಲ್ಲೇಶ್ವರದ ಕಡೆಯ ಒಂದು ಸಣ್ಣ ಕಚೇರಿಗೆ ವರ್ಗ ಮಾಡಿದರು. ಬಡ್ತಿ ನಾಲ್ಕು ವರ್ಷ ತಡವಾಯಿತು. ಬೆಳಗ್ಗೆ ಎರಡು ಬಸ್ಸು ಹಿಡಿಯಬೇಕಾಗುತ್ತಿತ್ತು ಎಂಬುದನ್ನು ಬಿಟ್ಟರೆ ನನಗೆ ಅದರಲ್ಲಿ ದುಃಖವಿರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ತೀರ್ಪು ಬಂತು. ಕಟ್ಟಡ ಮರಳಿಸಬೇಕು. ಬೀಗದ ಕೈ ಒಪ್ಪಿಸುವ ದಿನ ರಜೆ ಹಾಕಿ ಹೋದೆ. ಹಜಾರದ ಮಧ್ಯೆ ಪ್ಲೈವುಡ್ಡಿನ ಅಡ್ಡಗೋಡೆ, ಗಾರೆ ನೆಲದಲ್ಲಿ ಬೀರು ಎಳೆದ ಗೀರುಗಳು, ಒಂದು ಕಂಬಕ್ಕೆ ಹೊಡೆದ ಮೊಳೆಗಳ ಸಾಲು. ಬಂದಿದ್ದ ಅಧಿಕಾರಿ ಒಂದು ಹಾಳೆ ಮುಂದಿಟ್ಟರು. ಕಟ್ಟಡವನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ ಎಂದು ಅದರಲ್ಲಿತ್ತು. ಸಹಿ ಬೇಕು.

ಮೇಷ್ಟ್ರು ಅದನ್ನು ನಿಧಾನವಾಗಿ ಓದಿದರು. "ನೋಡ್ಬಿಟ್ಟು ಹಾಕ್ತೀನಿ" ಎಂದರು.

ನೋಡಲು ನಾಲ್ಕು ಗಂಟೆ ತೆಗೆದುಕೊಂಡರು. ಒಂದೊಂದು ಕಿಟಕಿ, ಒಂದೊಂದು ಚಿಲಕ, ಒಂದೊಂದು ಮೊಳೆ. ಹೇಳುತ್ತ ಹೋದರು, ನಾನು ಬರೆದುಕೊಂಡೆ. ಅಧಿಕಾರಿ ಗಡಿಯಾರ ನೋಡಿದರು, ಕೆಮ್ಮಿದರು, ಕೊನೆಗೆ ಮೆಟ್ಟಿಲ ಮೇಲೆ ಕೂತರು. ಮೇಷ್ಟ್ರ ಹೆಂಡತಿ ಅವರಿಗೆ ಕಾಫಿ ಕೊಟ್ಟರು. ಪಟ್ಟಿಯನ್ನು ಟೈಪ್ ಮಾಡಿ ಆ ಹಾಳೆಗೆ ಸೇರಿಸಿ, ಸುಸ್ಥಿತಿಯಲ್ಲಿ ಎಂಬ ಮಾತನ್ನು ಹೊಡೆದುಹಾಕಿಯೇ ಮೇಷ್ಟ್ರು ಸಹಿ ಮಾಡಿದ್ದು. ಹತ್ತು ವರ್ಷದ ಹಿಂದೆ ಪಂಚೆ ಎತ್ತಿಕಟ್ಟಿ ನಗುತ್ತಿದ್ದವರು ಇವರೇ ಏನು ಅನ್ನಿಸಿತು. ನನಗೆ ಸಂತೋಷವೂ ಆಯಿತು, ಏನೋ ಹೋದಂತೆಯೂ ಆಯಿತು.

ಹಿತ್ತಲಿನ ಮೆಷಿನ್ನುಗಳಲ್ಲಿ ಒಂಬತ್ತು ತುಕ್ಕು ಹಿಡಿದಿದ್ದವು. ಉಳಿದವನ್ನು ಒರೆಸಿ ಎಣ್ಣೆ ಹಾಕಿ ಹಜಾರದಲ್ಲಿ ಸಾಲಾಗಿ ಇಟ್ಟೆವು. ಭಾನುವಾರಗಳಲ್ಲಿ ನಾನು ಹೋಗಿ ಹೊಸಬರಿಗೆ ಕಲಿಸತೊಡಗಿದೆ.

ಅಂಥದ್ದೊಂದು ಭಾನುವಾರ ಕಾನ್‌ಸ್ಟೇಬಲ್ ಒಬ್ಬ ಬಾಗಿಲಲ್ಲಿ ಬಂದು ನಿಂತ. ಮೇಷ್ಟ್ರು ಏನೂ ಕೇಳದೆ ಡ್ರಾಯರಿನಿಂದ ಒಂದು ಕಟ್ಟು ಹಾಳೆ ತೆಗೆದು ಅವನ ಕೈಗೆ ಕೊಟ್ಟರು. ಅವನು ಎಣಿಸಿ, ನಮಸ್ಕಾರ ಹೇಳಿ ಹೊರಟ.

"ಏನ್ ಸರ್ ಅದು?"

"ಮೆಷಿನ್ ನಮೂನೆ. ತಿಂಗಳ ತಿಂಗಳ ಕೊಡ್ಬೇಕಲ್ಲ."

"ಇನ್ನೂನಾ?" ಎಂದೆ.

ಕೋರ್ಟಿನವರೆಗೆ ಹೋಗಿ ಹಜಾರ ಬಿಡಿಸಿಕೊಂಡವರು, ಮೊಳೆ ಮೊಳೆ ಬರೆಸಿದವರು, ಇದನ್ನು ಮಾತ್ರ ಇಷ್ಟು ವರ್ಷ ತಪ್ಪದೆ ಕೊಡುತ್ತಿದ್ದರು. ಅವರಿಗೂ ಆಗಲೇ ಹೊಳೆದದ್ದು. ನಾನು ಬೀದಿಗೆ ಓಡಿ ಕಾನ್‌ಸ್ಟೇಬಲನ್ನು ಕರೆದೆ.

"ಇದನ್ನ ಯಾವ ಆರ್ಡರ್ ಮೇಲೆ ತಗೋತಿದೀರಪ್ಪಾ?"

ಅವನು ಸಾಧು ಮನುಷ್ಯ. ತಲೆ ಕೆರೆದುಕೊಂಡ. "ಗೊತ್ತಿಲ್ಲ ಮೇಡಂ. ನನಗಿಂತ ಮುಂಚೆ ಇದ್ದೋರು ತರ್ತಿದ್ರು, ನಾನೂ ತರ್ತಿದೀನಿ. ನಿಲ್ಸಿ ಅಂತ ಯಾರೂ ಹೇಳಿಲ್ಲ."

"ಮುಂದಿನ ಸಲ ಆರ್ಡರ್ ಕಾಪಿ ತಗೊಂಡ್ಬನ್ನಿ. ಕೊಡ್ತೀವಿ" ಎಂದರು ಮೇಷ್ಟ್ರು ನನ್ನ ಹಿಂದಿನಿಂದ.

ಮುಂದಿನ ತಿಂಗಳು ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಸ್ಟೇಷನ್ನಿನಿಂದ ಯಾರೂ ಬಂದು ಏಕೆಂದು ಕೇಳಲಿಲ್ಲ. ಒಂದೇ ಒಂದು ಸಲ ಕೇಳಿದ್ದಕ್ಕೆ ಅದು ಉದುರಿಹೋಗಿತ್ತು.

ನನಗೆ ಸಮಾಧಾನವಾಗಲಿಲ್ಲ. ಕೆಲವು ವಾರ ಬಿಟ್ಟು ಮೇಷ್ಟ್ರೂ ನಾನೂ ಸ್ಟೇಷನ್ನಿಗೆ ಹೋಗಿ, ಇಷ್ಟು ವರ್ಷ ಕೊಟ್ಟ ಹಾಳೆಗಳನ್ನು ವಾಪಸು ಕೊಡಿ ಎಂದು ಕೇಳಿದೆವು. ಮೇಜಿನ ಹಿಂದಿದ್ದವರು ನಮ್ಮನ್ನು ವಿಚಿತ್ರವಾಗಿ ನೋಡಿ, "ಅದನ್ನ ತಗೊಂಡ್ ಏನ್ ಮಾಡ್ತೀರ್ರೀ?" ಎಂದರು.

"ನೀವೇನ್ ಮಾಡ್ತೀರೋ ಗೊತ್ತಿಲ್ವಲ್ಲ, ಅದಕ್ಕೆ" ಎಂದರು ಮೇಷ್ಟ್ರು.

ಎಲ್ಲೋ ಬೀರುವಿನಲ್ಲಿರಬೇಕು, ಹುಡುಕಿಸಿ ತಿಳಿಸುತ್ತೇವೆ ಎಂದರು. ಅರ್ಜಿ ಬರೆದು ಕೊಟ್ಟು, ಅದಕ್ಕೆ ಸೀಲು ಹಾಕಿಸಿಕೊಂಡು, ಇಬ್ಬರೂ ಬಿಸಿಲಿನಲ್ಲಿ ಮನೆಗೆ ನಡೆದೆವು.